ಅಮಾವಾಸ್ಯೆಯ ದಿನ ಇಟ್ಟ ಏಳು ನಿಂಬೆಹಣ್ಣು

ನಾನು 34 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು. ಸಂಜೆಯ ಲೆಕ್ಕದಲ್ಲಿ ಎಂಟಾಣೆ ವ್ಯತ್ಯಾಸ ಬಂದರೂ ಮನೆಗೆ ಹೋಗುತ್ತಿರಲಿಲ್ಲ. ಇಂಥವನು ಹೆಸರು ಹೇಳದೆ ಉಪಕಾರ ಮಾಡಿ ಓಡಿಬರುವ ಆಟಕ್ಕೆ ಇಳಿದದ್ದು ದಸರಾ ರಜೆಗೆಂದು ಮೈಸೂರಿಗೆ ಬಂದ ಮೊಮ್ಮಗಳ ಕಾಟದಿಂದ.

ಆಟ ಸರಳ. ಯಾರಿಗಾದರೂ ಗೊತ್ತಾಗದಂತೆ ಒಂದು ಸಣ್ಣ ಸಹಾಯ ಮಾಡಬೇಕು, ಅಲ್ಲಿ ಒಂದು ಕಾರ್ಡು ಬಿಟ್ಟು ಬರಬೇಕು. ಕಾರ್ಡು ಸಿಕ್ಕವರು ಮತ್ತೊಬ್ಬರಿಗೆ ಏನಾದರೂ ಮಾಡಿ ಅದನ್ನು ದಾಟಿಸಬೇಕು. ಮುಟ್ಟಾಟವೇ, ಆದರೆ ಮುಟ್ಟಿದವರು ಯಾರೆಂದು ಮುಟ್ಟಿಸಿಕೊಂಡವರಿಗೆ ತಿಳಿಯಬಾರದು. ನಿಪುಣ್ ಮೆಹ್ತಾ ಮತ್ತು ಗೆಳೆಯರು 1999ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಚಾರಿಟಿಫೋಕಸ್ ಎಂಬ ಸ್ವಯಂಸೇವಕರ ಬಳಗ (ಈಗ ಅದರ ಹೆಸರು ಸರ್ವಿಸ್‌ಸ್ಪೇಸ್) 2003ರಲ್ಲಿ ಇದನ್ನು ‘ಸ್ಮೈಲ್ ಕಾರ್ಡ್’ ಎಂದು ಹೊರತಂದಿತು. ಅದೇ ಬಳಗದವರು 2007ರಲ್ಲಿ ಬರ್ಕ್ಲಿಯಲ್ಲಿ ‘ಕರ್ಮ ಕಿಚನ್’ ಶುರು ಮಾಡಿದರು. ಅಲ್ಲಿ ಊಟದ ಬಿಲ್ಲಿನಲ್ಲಿ ಸೊನ್ನೆ ಬರೆದಿರುತ್ತದೆ. ನಿಮ್ಮ ಊಟದ ಹಣವನ್ನು ಹಿಂದೆ ಬಂದವರು ಕೊಟ್ಟಿದ್ದಾರೆ, ಮುಂದೆ ಬರುವವರಿಗೆ ನೀವು ಇಷ್ಟವಿದ್ದಷ್ಟು ಕೊಡಿ ಎಂಬ ಲೆಕ್ಕ. ಇದು ಯಾವ ಸೀಮೆಯ ಲೆಕ್ಕ ಎಂದು ನನಗೆ ತಲೆ ಕೆಟ್ಟಿತ್ತು.

ಪರಿಚಯದ ಮುದ್ರಣಾಲಯದಲ್ಲಿ ವಿಸಿಟಿಂಗ್ ಕಾರ್ಡಿನ ಅಳತೆಯಲ್ಲಿ ನೂರು ಮಾಡಿಸಿದೆ. ಅರಿಶಿನ ಬಣ್ಣದ ಕಾಗದ, ಕುಂಕುಮ ಬಣ್ಣದ ನಗುಮುಖ. ಒಕ್ಕಣೆಯನ್ನು ನಾನು ಬ್ಯಾಂಕಿನ ನೋಟಿಸಿನ ಧಾಟಿಯಲ್ಲಿ ಬರೆದಿದ್ದೆ, ಮೊಮ್ಮಗಳು ಹೊಡೆದುಹಾಕಿದಳು. ಉಳಿದದ್ದು ಇಷ್ಟು: “ಯಾರೋ ನಿಮಗೊಂದು ಸಣ್ಣ ಸಹಾಯ ಮಾಡಿದ್ದಾರೆ. ಯಾರೆಂದು ಹುಡುಕಬೇಡಿ. ನೀವು ಇನ್ನೊಬ್ಬರಿಗೆ ಮಾಡಿ, ಈ ಕಾರ್ಡನ್ನು ಅಲ್ಲಿ ಬಿಟ್ಟುಬನ್ನಿ.”

ಮೊದಲ ವಾರ ಮಾಡಿದ್ದೆಲ್ಲ ಎಡವಟ್ಟು. ಸಿಟಿ ಬಸ್ಸಿನಲ್ಲಿ ಹಿಂದಿನವರ ಟಿಕೆಟ್ಟನ್ನೂ ನಾನೇ ತೆಗೆಯುವುದೆಂದು ಹತ್ತಿದೆ. ನನ್ನ ಹಿಂದೆ ಹತ್ತಿದವರೆಲ್ಲ ಹೆಂಗಸರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಪ್ರಯಾಣವೇ ಉಚಿತ. ಕಂಡಕ್ಟರ್ ನನ್ನನ್ನು ಒಂದು ಥರ ನೋಡಿದರು. ಮರುದಿನ ಇನ್ನೂರು ರೂಪಾಯಿಯ ನಾಣ್ಯಗಳನ್ನು ಒಯ್ದು ಅದೇ ಕಂಡಕ್ಟರಿಗೆ ಚಿಲ್ಲರೆಯಾಗಿ ಕೊಟ್ಟೆ, ಅದು ಕೆಲಸಕ್ಕೆ ಬಂತು. ದರ್ಶಿನಿಯಲ್ಲಿ ಒಂದು ಕಾಫಿ ಟೋಕನ್ ಹೆಚ್ಚಿಗೆ ಕೊಂಡು “ಮುಂದೆ ಬಂದವರಿಗೆ ಕೊಡಿ” ಎಂದೆ. ಕ್ಯಾಷಿಯರ್ “ಅವರ ಹೆಸರೇನು?” ಎಂದು ಕೇಳಿದ. ಹೆಸರಿಲ್ಲ ಎಂದರೆ ಟೋಕನ್ ವಾಪಸ್ ಕೊಡಲು ಬಂದ. ಬೆಳಿಗ್ಗೆ ರಸ್ತೆ ಗುಡಿಸುವ ಪೌರಕಾರ್ಮಿಕ ಮಹಿಳೆಗೆ ಮಜ್ಜಿಗೆಯ ಜೊತೆ ಕಾರ್ಡು ಕೊಟ್ಟಾಗ ಅವರು ಅದನ್ನು ತಿರುಗಿಸಿ ನೋಡಿ, “ಇದು ಯಾವ ಯೋಜನೆ ಸಾರ್? ಆಧಾರ್ ತರಬೇಕೇ?” ಎಂದರು. ನನ್ನ ನೂರು ಕಾರ್ಡಿನಲ್ಲಿ ಹೆಚ್ಚು ಅರ್ಥವತ್ತಾದ ಪ್ರಶ್ನೆ ಅದೊಂದೇ ಎಂದು ಈಗಲೂ ಅನ್ನಿಸುತ್ತದೆ.

ಇನ್ನು ನಿಂಬೆಹಣ್ಣು. ನಮ್ಮ ಕಟ್ಟಡದಲ್ಲಿ ಹದಿನಾರು ಮನೆ. ಹಿಂಭಾಗದ ನಿಂಬೆ ಗಿಡ ನಾನು ನೆಟ್ಟದ್ದು. ಒಂದು ಬೆಳಗಿನ ಜಾವ ಏಳು ಹಣ್ಣನ್ನು ಕಾಗದದ ಚೀಲದಲ್ಲಿ ಹಾಕಿ, ಕಾರ್ಡು ಸೇರಿಸಿ, ಎರಡನೆಯ ಮಹಡಿಯಲ್ಲಿ ಒಬ್ಬರೇ ಇರುವ ಅಜ್ಜಿಯ ಹೊಸಿಲ ಮುಂದೆ ಇಟ್ಟು ಬಂದೆ. ಅಂದು ಅಮಾವಾಸ್ಯೆ ಎಂಬುದು ನೆನಪಿರಲಿಲ್ಲ. ಚೀಲ ಒರಗಿ ಹಣ್ಣು ರಂಗೋಲಿಯ ಮೇಲೆ ಉರುಳಿತ್ತು, ಪಕ್ಕದಲ್ಲಿ ಅರಿಶಿನ ಕುಂಕುಮದ ಬಣ್ಣದ ಚೀಟಿ. ಏಳು ಗಂಟೆಗೆ ಇಡೀ ಕಟ್ಟಡ ಮೆಟ್ಟಿಲ ಮೇಲಿತ್ತು. ಯಾರು ಮಾಡಿಸಿದ ಮಾಟ, ಯಾರ ಮೇಲೆ ಗುಮಾನಿ ಎಂಬ ಚರ್ಚೆ ಆಗಲೇ ಒಬ್ಬ ಸೊಸೆಯ ಹತ್ತಿರ ಬಂದು ನಿಂತಿತ್ತು. ಕಾವಲುಗಾರ ಹಣ್ಣನ್ನು ಕೋಲಿನಿಂದ ತಳ್ಳಿ ಮೊರದಲ್ಲಿ ತುಂಬಿಕೊಂಡು ಮೂರು ದಾರಿ ಕೂಡುವಲ್ಲಿ ಚೆಲ್ಲಿ ಬಂದ.

ಗುಟ್ಟು ಬಿಡಬಾರದೆಂಬುದು ಆಟದ ನಿಯಮ. ಆ ಸೊಸೆಯ ಮುಖ ನೋಡಿದ ಮೇಲೆ ನಿಯಮ ಉಳಿಯಲಿಲ್ಲ. ಎಲ್ಲರೆದುರು ಒಪ್ಪಿಕೊಂಡೆ. ಅಜ್ಜಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಕೊಡುವುದಿದ್ದರೆ ಬಾಗಿಲು ತಟ್ಟಿ ಕೊಡಿ. ಕಳ್ಳನ ಹಾಗೆ ಇಟ್ಟು ಹೋಗುವುದು ಏಕೆ? ಯಾರು ಕೊಟ್ಟರೆಂದು ಗೊತ್ತಾಗದಿದ್ದರೆ ನಾನು ಮುಯ್ಯಿ ತೀರಿಸುವುದು ಹೇಗೆ?” ಎಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ನಮ್ಮ ಕಡೆ ಹೊಲದಲ್ಲಿ ಮುಯ್ಯಾಳು ಹೋಗುತ್ತಾರೆ: ಇಂದು ನಿನ್ನ ನಾಟಿಗೆ ನಾನು, ನಾಳೆ ನನ್ನ ನಾಟಿಗೆ ನೀನು. ಮದುವೆಮನೆಯಲ್ಲಿ ಮುಯ್ಯಿ ಓದಿಸುವಾಗ ಯಾರದು ಎಷ್ಟು ಎಂದು ಬರೆದಿಟ್ಟುಕೊಳ್ಳುತ್ತಾರೆ. ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಚಮಚ ಸಕ್ಕರೆಯಾದರೂ ಬೀಳುತ್ತದೆ. ಪಾತ್ರೆ ಬಂದ ಮನೆಗೇ ಮರಳುತ್ತದೆ. ಕಾರ್ಡು ಮರಳುವುದಿಲ್ಲ, ಮುಂದೆ ಹೋಗುತ್ತದೆ. ಬೇಸಿಗೆಯ ಅರವಟ್ಟಿಗೆಯಲ್ಲಿ ನೀರು ಕುಡಿದವರು ಯಾರೂ ಲೆಕ್ಕ ಇಡುವುದಿಲ್ಲ, ನಿಜ. ಆದರೆ ಅದು ಬೀದಿಯ ಮಾತು. ಹೊಸಿಲಿಗೆ ಬಂದದ್ದಕ್ಕೆ ಹೆಸರು ಬೇಕು. ಅಂದಿನಿಂದ ನನ್ನದೇ ಒಂದು ನಿಯಮ: ಗುರುತಿನವರಿಗೆ ಗುಟ್ಟಾಗಿ ಏನೂ ಇಲ್ಲ, ಕಾರ್ಡು ಅಪರಿಚಿತರಿಗೆ ಮಾತ್ರ, ಅದೂ ಮನೆಯ ಹೊರಗೆ. ಮತ್ತು ತಿನ್ನುವ ವಸ್ತುವನ್ನು ಅನಾಮಧೇಯವಾಗಿ ಇಡುವುದಿಲ್ಲ.

ಇಷ್ಟಾದರೂ ಕಟ್ಟಡದ ಮಕ್ಕಳಿಗೆ ಆಟ ಹಿಡಿಸಿತು. ನಾನು ಮಾಡಿದ ದೊಡ್ಡ ತಪ್ಪು ಆಗ. ಹಳೆಯ ಅಭ್ಯಾಸ, ಒಂದು ರಿಜಿಸ್ಟರ್ ತೆರೆದು ಅಂಕ ಬರೆಯತೊಡಗಿದೆ. ಮೂರನೆಯ ಮಹಡಿಯ ಹುಡುಗ ಒಂದೇ ಸಂಜೆ ಹನ್ನೊಂದು ಸಲ ಲಿಫ್ಟಿನ ಬಾಗಿಲು ಹಿಡಿದು ಹನ್ನೊಂದು ಅಂಕ ಕೇಳಿದ. ಒಬ್ಬರು ಹಿರಿಯರು ಸಹಾಯ ಪಡೆದವರ ಪಕ್ಕ ನಿಂತು ತೆಗೆಸಿಕೊಂಡ ಫೋಟೊವನ್ನು ವಾಟ್ಸಾಪಿಗೆ ಹಾಕಿದರು. ಅಜ್ಜಿಯ ತರಕಾರಿ ಚೀಲಕ್ಕೆ ಇಬ್ಬರು ಹುಡುಗಿಯರು ಜಗಳವಾಡಿ ಚೀಲ ಹರಿಯಿತು, ಟೊಮೆಟೊ ಮೆಟ್ಟಿಲಿಳಿದವು. ಮೂರನೆಯ ವಾರ ರಿಜಿಸ್ಟರನ್ನು ಅಟ್ಟಕ್ಕೆ ಹಾಕಿದೆ. ಅರ್ಧ ಮಕ್ಕಳು ಆಟ ಬಿಟ್ಟರು. ಉಳಿದ ಅರ್ಧ ಇಂದಿಗೂ ಆಡುತ್ತಿದ್ದಾರೆ, ಏನು ಮಾಡಿದರೆಂದು ನನಗೆ ಹೇಳುವುದಿಲ್ಲ. ನನಗದು ಸ್ವಲ್ಪ ಹೊಟ್ಟೆಯುರಿ.

ದಿನಕ್ಕೊಂದು ಮಾಡಬೇಕೇ, ಒಟ್ಟಿಗೆ ಮಾಡಬೇಕೇ ಎಂದು ಕೇಳುವವರಿದ್ದಾರೆ. ಅಮೆರಿಕದ ಮನಃಶಾಸ್ತ್ರಜ್ಞೆ ಸೋಂಜಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಬರಹದಲ್ಲಿ ಒಂದು ಪ್ರಯೋಗವಿದೆ. ವಿದ್ಯಾರ್ಥಿಗಳು ಆರು ವಾರ, ವಾರಕ್ಕೆ ಐದು ಒಳ್ಳೆಯ ಕೆಲಸ ಮಾಡಿದರು. ಐದನ್ನೂ ಒಂದೇ ದಿನ ಮುಗಿಸಿದವರ ಸಂತೋಷ ಹೆಚ್ಚಿತು, ವಾರವಿಡೀ ಹಂಚಿ ಮಾಡಿದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ನಾನು ಶನಿವಾರವನ್ನು ಹಿಡಿದುಕೊಂಡಿದ್ದೇನೆ. ಮೂರರವರೆಗೆ ಸಲೀಸು. ನಾಲ್ಕನೆಯದಕ್ಕೆ ಬೀದಿಯಲ್ಲಿ ನಿಂತು ಯಾರಿಗೆ ಏನು ಬೇಕು ಎಂದು ಹುಡುಕಬೇಕಾಗುತ್ತದೆ. ಕಣ್ಣು ತೆರೆಯುವುದು ಆಗಲೇ. ಬ್ಯಾಂಕಿನ ಸಾಲಿನಲ್ಲಿ ಚಲನ್ ತುಂಬಲು ಬಾರದೆ ನಿಂತವರು ಎಷ್ಟು ಮಂದಿ ಎಂದು, ಕೌಂಟರಿನ ಆಚೆ ಅಷ್ಟು ವರ್ಷ ಕುಳಿತವನಿಗೆ ಈಚೆ ನಿಂತಾಗ ಕಂಡಿತು. ಈಗ ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡು ಹೋಗುತ್ತೇನೆ.

ಅಜ್ಜಿಗೆ ಈಗ ನಿಂಬೆಹಣ್ಣನ್ನು ಸ್ಟೀಲ್ ಡಬ್ಬಿಯಲ್ಲಿ, ಬಾಗಿಲು ತಟ್ಟಿ, ಹೆಸರು ಹೇಳಿ ಕೊಡುತ್ತೇನೆ. ಕಳೆದ ಸಲ ತಮಾಷೆಗೆಂದು ಡಬ್ಬಿಯಲ್ಲಿ ಒಂದು ಕಾರ್ಡನ್ನೂ ಹಾಕಿದ್ದೆ. ಡಬ್ಬಿ ಮರಳಿದಾಗ ಅದರಲ್ಲಿ ಉಪ್ಪಿನಕಾಯಿ ಇತ್ತು, ಕಾರ್ಡು ಇರಲಿಲ್ಲ. ಅದು ಔಷಧದಂಗಡಿಯ ಹುಡುಗನ ಮೇಜಿನ ಗಾಜಿನಡಿ ಇದೆ ಎಂದು ಮೊಮ್ಮಗಳು ಪತ್ತೆ ಮಾಡಿದ್ದಾಳೆ. ಅವನಿಗೆ ಏನು ಮಾಡಿದಿರಿ ಎಂದು ಕೇಳಿದರೆ, ಹುಡುಕಬೇಡಿ ಎಂದು ಬರೆದವರು ನೀವೇ ಅಲ್ಲವೇ ಎಂದು ಅಜ್ಜಿ ಬಾಗಿಲು ಹಾಕಿಕೊಂಡರು.