ವ್ಯಾಪಾರದ ಜಾಲತಾಣ ಎಲ್ಲರಿಗೂ ಎಟುಕುವಂತೆ ಮಾಡುವುದು ಹೇಗೆ?

ಕಣ್ಣು ಕಾಣದ ಗ್ರಾಹಕರೊಬ್ಬರು ಜಾಲತಾಣಕ್ಕೆ ಬರುತ್ತಾರೆ. ಪುಟದಲ್ಲಿರುವುದನ್ನು ಸ್ಕ್ರೀನ್ ರೀಡರ್ ತಂತ್ರಾಂಶ ಓದಿ ಹೇಳುತ್ತದೆ. ವಸ್ತು ಆರಿಸಿ, ವಿಳಾಸ ತುಂಬಿ, ಹಣ ಪಾವತಿಯ ಹಂತಕ್ಕೆ ಬರುತ್ತಾರೆ. ಅಲ್ಲಿ ಸ್ಕ್ರೀನ್ ರೀಡರ್ ‘ಬಟನ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅದು ಪಾವತಿಯ ಬಟನ್ನೋ ರದ್ದುಮಾಡುವುದೋ ಗೊತ್ತಾಗುವುದಿಲ್ಲ. ಅಲ್ಲಿಯವರೆಗಿನ ಪುಟಗಳೆಲ್ಲ ಸೊಗಸಾಗಿದ್ದರೂ ಕೆಲಸ ಕೆಟ್ಟಿತು. ನಿಯಮಗಳೂ ಇದನ್ನು ಹೀಗೇ ಎಣಿಸುತ್ತವೆ: ಹಲವು ಹಂತಗಳ ಕೆಲಸದಲ್ಲಿ ಒಂದು ಹಂತ ಎಡವಿದರೂ ಉಳಿದ ಯಾವ ಹಂತವೂ ಪಾಸಾದಂತಲ್ಲ.

ಈ ನಿಯಮಗಳ ಹೆಸರು ಡಬ್ಲ್ಯುಸಿಎಜಿ, ಅಂದರೆ ಜಾಲತಾಣ ಅಂಗವಿಕಲರಿಗೂ ಎಟುಕುವಂತೆ ಮಾಡುವ ಮಾರ್ಗಸೂಚಿ. ಜಾಲತಾಣಗಳ ತಾಂತ್ರಿಕ ಮಾನದಂಡ ನಿಗದಿಮಾಡುವ ಡಬ್ಲ್ಯು3ಸಿ ಒಕ್ಕೂಟ ರೂಪಿಸಿದ ಇವುಗಳ 2.0 ಆವೃತ್ತಿ 2008ರಲ್ಲಿ, 2.1 ಆವೃತ್ತಿ 2018ರಲ್ಲಿ, 2.2 ಆವೃತ್ತಿ 2023ರಲ್ಲಿ ಬಂತು. ಕೆಳಗಿನಿಂದ ಮೇಲಕ್ಕೆ ಎ, ಎಎ, ಎಎಎ ಎಂಬ ಮೂರು ಮಟ್ಟಗಳಿವೆ. ಕಾನೂನುಗಳು ಸಾಮಾನ್ಯವಾಗಿ ಕೇಳುವುದು ಎಎ. 2.2ರಲ್ಲಿ ಆ ಮಟ್ಟ ಮುಟ್ಟಲು 55 ಅಂಶಗಳನ್ನು ಪೂರೈಸಬೇಕು. ಹೊಸದಾಗಿ ಶುರುಮಾಡುವವರು ನೇರ 2.2ಕ್ಕೇ ಗುರಿಯಿಡುವುದು ಒಳ್ಳೆಯದು, ಅದನ್ನು ಪೂರೈಸಿದರೆ ಹಳೆಯ ಎರಡನ್ನೂ ಪೂರೈಸಿದಂತೆಯೇ.

ಯಾವ ಕಾನೂನು ತಮಗೆ ತಾಗುತ್ತದೆ ಎಂಬುದನ್ನು ಗ್ರಾಹಕರು ಎಲ್ಲಿದ್ದಾರೆ ಎಂಬುದರಿಂದಲೂ ನೋಡಬೇಕು, ಕಚೇರಿ ಎಲ್ಲಿದೆ ಎಂಬುದರಿಂದ ಮಾತ್ರವಲ್ಲ. ಯುರೋಪಿಯನ್ ಒಕ್ಕೂಟದ ‘ಯುರೋಪಿಯನ್ ಅಕ್ಸೆಸಿಬಿಲಿಟಿ ಆ್ಯಕ್ಟ್’ ಎಂಬ ಕಾಯ್ದೆ 2025ರ ಜೂನ್ 28ರಿಂದ ಜಾರಿಯಲ್ಲಿದ್ದು, ಅಲ್ಲಿನ ಗ್ರಾಹಕರಿಗೆ ಮಾರುವ ಹೊರಗಿನ ಆನ್‌ಲೈನ್ ಅಂಗಡಿಗಳಿಗೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಸಿಬ್ಬಂದಿಯಿದ್ದು, ವಾರ್ಷಿಕ ವಹಿವಾಟು 20 ಲಕ್ಷ ಯೂರೊ ಮೀರದ ಸೇವಾ ಸಂಸ್ಥೆಗಳಿಗೆ ವಿನಾಯಿತಿ ಇದೆ. ಅಮೆರಿಕದ 1990ರ ಅಂಗವಿಕಲರ ಕಾಯ್ದೆಯಲ್ಲಿ ಜಾಲತಾಣದ ಮಾತೇ ಇಲ್ಲ. ಆದರೂ ಅದರಡಿ ವ್ಯಾಪಾರಿಗಳ ಮೇಲೆ ಮೊಕದ್ದಮೆಗಳು ನಡೆಯುತ್ತಲೇ ಇವೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 46ನೇ ಕಲಂ ಖಾಸಗಿ ಸೇವಾದಾರರನ್ನೂ ಒಳಗೊಳ್ಳುತ್ತದೆ. ಡಿಜಿಟಲ್ ಸೇವೆ ಎಲ್ಲರಿಗೂ ಎಟುಕಬೇಕಾದದ್ದು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ.

ಮೊದಲು ದಾರಿ ಗುರುತಿಸಿ

ಇಡೀ ತಾಣವನ್ನು ಒಂದೇ ಸಲ ಸರಿಪಡಿಸಲು ಹೊರಟವರು ಸಾಮಾನ್ಯವಾಗಿ ಮುಖಪುಟದಲ್ಲೇ ದಣಿಯುತ್ತಾರೆ. ಗ್ರಾಹಕರು ಮಾಡುವ ಮೂರ್ನಾಲ್ಕು ಮುಖ್ಯ ಕೆಲಸಗಳನ್ನು ಕಾಗದದ ಮೇಲೆ ಬರೆಯಿರಿ: ಹುಡುಕಿ ಕೊಳ್ಳುವುದು, ಖಾತೆ ತೆರೆಯುವುದು, ದೂರು ಕೊಡುವುದು, ಬಿಲ್ ಇಳಿಸಿಕೊಳ್ಳುವುದು. ಪ್ರತಿಯೊಂದರಲ್ಲೂ ಬರುವ ಪುಟಗಳನ್ನು ಕ್ರಮವಾಗಿ ಪಟ್ಟಿ ಮಾಡಿ. ಪಾವತಿಯ ಪುಟ, ಚಾಟ್ ಕಿಟಕಿ ಬೇರೆ ಕಂಪನಿಯವಾದರೂ ಪಟ್ಟಿಯಲ್ಲಿರಲಿ. ದಾರಿಯಲ್ಲಿ ಸಿಕ್ಕಿಬಿದ್ದ ಗ್ರಾಹಕರಿಗೆ ಆ ತಡೆಗೋಡೆ ಕಟ್ಟಿದವರು ಯಾರಾದರೇನು?

ಈಗ ಮೌಸ್ ಬದಿಗಿಡಿ. ಟ್ಯಾಬ್ ಒತ್ತಿ ಮುಂದಕ್ಕೆ, ಶಿಫ್ಟ್ ಹಿಡಿದು ಟ್ಯಾಬ್ ಒತ್ತಿ ಹಿಂದಕ್ಕೆ, ಎಂಟರ್ ಅಥವಾ ಸ್ಪೇಸ್ ಒತ್ತಿ ಆಯ್ಕೆ. ಇಷ್ಟರಲ್ಲೇ ಪ್ರತಿ ಕೆಲಸವನ್ನೂ ಕೊನೆ ಮುಟ್ಟಿಸಲು ನೋಡಿ. ದುಡ್ಡು ಖರ್ಚಿಲ್ಲದ ಈ ಪರೀಕ್ಷೆಯಷ್ಟು ತಪ್ಪುಗಳನ್ನು ಬೇಗ ಬಯಲಿಗೆಳೆಯುವುದು ಇನ್ನೊಂದಿಲ್ಲ. ಸಾಮಾನ್ಯವಾಗಿ ಮೂರು ತೊಂದರೆ ಕಾಣುತ್ತವೆ. ಒಂದು, ಈಗ ಎಲ್ಲಿದ್ದೇವೆ ಎಂದು ತೋರಿಸುವ ಚೌಕಟ್ಟೇ ಇರುವುದಿಲ್ಲ. ಅಂದಕ್ಕೆ ಅಡ್ಡಿ ಎಂದು ಯಾರೋ ಪುಟದ ಅಂದ ನಿರ್ಧರಿಸುವ ಸ್ಟೈಲ್‌ಶೀಟಿನಲ್ಲಿ ಆ ಔಟ್‌ಲೈನ್ ತೆಗೆದುಹಾಕಿರುತ್ತಾರೆ. ಅದನ್ನು ಮರಳಿ ತನ್ನಿ. ಎರಡು, ಬಟನ್ ಎಂದು ಕಾಣುವುದು ನಿಜಕ್ಕೂ ಬಟನ್ ಅಲ್ಲ. ಡಿವ್ ಟ್ಯಾಗಿಗೆ (ಪುಟದ ಕೋಡ್‌ನಲ್ಲಿ ಬರೀ ಚೌಕ ಹಾಕುವ ಗುರುತು) ಬಣ್ಣ ಬಳಿದು ಕ್ಲಿಕ್ ಕೂಡಿಸಿದ್ದಾರೆ. ಟ್ಯಾಬ್ ಅದನ್ನು ದಾಟಿ ಹೋಗುತ್ತದೆ. ಅಲ್ಲಿ ನಿಜವಾದ ಬಟನ್ ಟ್ಯಾಗ್ ಹಾಕಿದರೆ ಕೀಬೋರ್ಡಿನ ಕೆಲಸವನ್ನೆಲ್ಲ ಬ್ರೌಸರೇ ಮಾಡಿಕೊಡುತ್ತದೆ. ಮೂರು, ಮೇಲೆ ತೇಲಿಬರುವ ಕಿಟಕಿ. ಅದು ತೆರೆದಾಗ ಫೋಕಸ್ (ಕೀಬೋರ್ಡ್ ಈಗ ನಿಂತಿರುವ ಜಾಗ) ಒಳಗೆ ಹೋಗಬೇಕು, ಎಸ್ಕೇಪ್ ಒತ್ತಿದರೆ ಮುಚ್ಚಬೇಕು, ಮುಚ್ಚಿದ ಮೇಲೆ ಫೋಕಸ್ ಮೊದಲಿದ್ದ ಬಟನ್‌ಗೇ ಮರಳಬೇಕು.

ಓದಿಸಿ ಕೇಳಿ

ವಿಂಡೋಸ್‌ಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ. ಆಪಲ್ ಸಾಧನಗಳಲ್ಲಿ ವಾಯ್ಸ್‌ಓವರ್, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಸಿಗುತ್ತವೆ. ಎನ್‌ವಿಡಿಎಯಲ್ಲಿ ಎಚ್ ಒತ್ತಿದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ, ಬಿ ಒತ್ತಿದರೆ ಬಟನ್‌ನಿಂದ ಬಟನ್‌ಗೆ ಹಾರುತ್ತದೆ. ಎಚ್ ಒತ್ತಿದರೂ ಏನೂ ಸಿಗದಿದ್ದರೆ ನಿಮ್ಮ ಶೀರ್ಷಿಕೆಗಳು ದಪ್ಪ ಅಕ್ಷರ ಮಾತ್ರ, ಶೀರ್ಷಿಕೆ ಟ್ಯಾಗ್ ಇಲ್ಲ ಎಂದರ್ಥ.

ಪುಟದ ಭಾಷೆ ಯಾವುದೆಂದು ಪುಟದ ಕೋಡ್ ಆದ ಎಚ್‌ಟಿಎಂಎಲ್‌ನ ಲ್ಯಾಂಗ್ (lang) ಗುಣದಲ್ಲಿ ಬರೆಯಬೇಕು. ಕನ್ನಡ ಪುಟಕ್ಕೆ ಇಂಗ್ಲಿಷಿನ ಗುರುತು ಉಳಿದಿದ್ದರೆ ಇಂಗ್ಲಿಷ್ ದನಿ ಕನ್ನಡ ಓದಲು ಹೊರಟು ಎಡವುತ್ತದೆ, ಇಲ್ಲವೇ ಅಕ್ಷರಗಳನ್ನೇ ನುಂಗುತ್ತದೆ. ಇದು ಒಂದೇ ಸಾಲಿನ ತಿದ್ದುಪಡಿ, ಆದರೂ ಸಿದ್ಧ ಟೆಂಪ್ಲೇಟ್ ಬಳಸಿದ ತಾಣಗಳಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ.

ಚಿತ್ರಗಳಿಗೆ ಆಲ್ಟ್ ಪಠ್ಯ (ಚಿತ್ರದ ಬದಲು ಸ್ಕ್ರೀನ್ ರೀಡರ್ ಓದಿ ಹೇಳುವ ಬರಹ) ಬೇಕೆಂಬುದು ಹಲವರಿಗೆ ಗೊತ್ತು; ಏನು ಬರೆಯಬೇಕೆಂಬುದರಲ್ಲಿ ತಪ್ಪುತ್ತಾರೆ. ಚಿತ್ರ ಅಲ್ಲಿ ಮಾಡುವ ಕೆಲಸವನ್ನು ಬರೆಯಿರಿ. ಭೂತಕನ್ನಡಿಯ ಗುರುತಿಗೆ ‘ಹುಡುಕಿ’ ಎಂದಿರಲಿ, ‘ಭೂತಕನ್ನಡಿ’ ಎಂದಲ್ಲ. ಬರೀ ಅಲಂಕಾರದ ಚಿತ್ರಕ್ಕೆ ಆಲ್ಟ್ ಖಾಲಿ ಬಿಡಿ, ಆದರೆ ಆಲ್ಟ್ ಗುಣವನ್ನೇ ಕಿತ್ತುಹಾಕಬೇಡಿ. ಹಾಗೆ ಮಾಡಿದರೆ ಕೆಲವು ಸ್ಕ್ರೀನ್ ರೀಡರ್‌ಗಳು ಫೈಲಿನ ಉದ್ದ ಹೆಸರನ್ನು ಓದತೊಡಗುತ್ತವೆ.

ಫಾರಂಗಳಿಗೆ ಹೆಚ್ಚು ಸಮಯ ಕೊಡಿ, ಗ್ರಾಹಕರು ಕೈಚೆಲ್ಲುವುದು ಅಲ್ಲೇ. ಖಾನೆಯೊಳಗಿನ ಮಸುಕು ಸೂಚನೆ ಟೈಪ್ ಮಾಡತೊಡಗಿದೊಡನೆ ಮಾಯವಾಗುತ್ತದೆ, ಹಾಗಾಗಿ ಅದು ಲೇಬಲ್ ಆಗಲಾರದು. ಪ್ರತಿ ಖಾನೆಗೂ ಕಣ್ಣಿಗೆ ಕಾಣುವ, ಕೋಡ್‌ನಲ್ಲಿ ಅದೇ ಖಾನೆಗೆ ಜೋಡಿಸಿದ ಲೇಬಲ್ ಬೇಕು. ತಪ್ಪಾದಾಗ ಅಂಚು ಕೆಂಪಾದರೆ ಸಾಲದು. ‘ಪಿನ್‌ಕೋಡ್‌ನಲ್ಲಿ 6 ಅಂಕಿ ಇರಬೇಕು’ ಎಂದು ಮಾತಿನಲ್ಲೇ ಹೇಳಿ, ಆ ಮಾತನ್ನು ಖಾನೆಗೆ ಜೋಡಿಸಿ. ಪಾಸ್‌ವರ್ಡ್, ಒಟಿಪಿ ಖಾನೆಗಳಲ್ಲಿ ಪೇಸ್ಟ್ ಮಾಡುವುದನ್ನು ತಡೆಯಬೇಡಿ. ಸಮಯದ ಮಿತಿ ಇದ್ದರೆ ಮುಗಿಯುವ ಮೊದಲೇ ಎಚ್ಚರಿಸಿ, ಒಂದು ಕೀ ಒತ್ತಿ ಮುಂದುವರಿಸಲು ಕನಿಷ್ಠ 20 ಸೆಕೆಂಡ್ ಕೊಡಿ.

ಬಣ್ಣ, ಗಾತ್ರ

ಇಲ್ಲಿ ಎಲ್ಲವೂ ಅಳತೆಯ ಲೆಕ್ಕ, ವಾದಕ್ಕೆ ಎಡೆಯಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕು. 24 ಪಿಕ್ಸೆಲ್ ಅಥವಾ ಹೆಚ್ಚಿನ ದೊಡ್ಡ ಅಕ್ಷರಕ್ಕೂ, ಖಾನೆಯ ಅಂಚಿಗೂ 3:1 ಸಾಕು. ಬಿಳಿಯ ಮೇಲೆ 767676 ಎಂಬ ಬಣ್ಣಸಂಕೇತದ ಬೂದು ಪಾಸಾಗುತ್ತದೆ, 777777 ಫೇಲಾಗುತ್ತದೆ. ಕಣ್ಣಳತೆ ಸಾಲದು, ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲೇ ಅಳೆಯಿರಿ. 1280 ಪಿಕ್ಸೆಲ್ ಅಗಲದ ಪರದೆಯಲ್ಲಿ ಪುಟವನ್ನು 400 ಪ್ರತಿಶತಕ್ಕೆ ಹಿಗ್ಗಿಸಿದಾಗ ಸಾಲು ಓದಲು ಅಡ್ಡಕ್ಕೆ ಸರಿಸಬೇಕಾಗಿ ಬರಬಾರದು. ಒತ್ತುವ ಜಾಗ ಕನಿಷ್ಠ 24×24 ಪಿಕ್ಸೆಲ್, ಇಲ್ಲವೇ ಸುತ್ತ ಅಷ್ಟು ತೆರಪು ಇರಲಿ. ವಿಡಿಯೊಗೆ ಅಡಿಬರಹ ಬೇಕು. ಯಂತ್ರ ಬರೆದದ್ದನ್ನು ಮನುಷ್ಯರು ತಿದ್ದಿರಬೇಕು, ಹೆಸರು ಮತ್ತು ಅಂಕಿಗಳಲ್ಲಿ ಅದು ಹೆಚ್ಚು ತಪ್ಪುತ್ತದೆ.

ಆಕ್ಸ್, ವೇವ್, ಲೈಟ್‌ಹೌಸ್‌ನಂಥ ಸ್ವಯಂಚಾಲಿತ ಸಾಧನಗಳನ್ನು ಖಂಡಿತ ಓಡಿಸಿ. ಆದರೆ ಆಲ್ಟ್ ಇದೆಯೇ ಎಂದು ಅವು ಹೇಳಬಲ್ಲವು, ಅದು ಅರ್ಥಪೂರ್ಣವೇ ಎಂದು ಹೇಳಲಾರವು. ನೂರಕ್ಕೆ ನೂರು ಅಂಕ ಬಂದ ಪುಟದಲ್ಲೂ ಖರೀದಿ ಸಾಧ್ಯವಾಗದೆ ಹೋಗಬಹುದು. ಇನ್ನು ಒಂದು ಸಾಲು ಕೋಡ್ ಅಂಟಿಸಿದರೆ ತಾಣ ಕಾನೂನಿಗೆ ತಕ್ಕಂತಾಗುತ್ತದೆ ಎನ್ನುವ ವಿಜೆಟ್‌ಗಳನ್ನು ನಂಬಲೇಬೇಡಿ. ಇಂಥದೇ ಮಾತು ಕೊಟ್ಟ ಕಂಪನಿಯೊಂದು 10 ಲಕ್ಷ ಡಾಲರ್ ತೆರಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶಿಸಿತು.

ಕೊನೆಗೆ, ತಾಣದಲ್ಲೊಂದು ಹೇಳಿಕೆ ಪ್ರಕಟಿಸಿ: ಯಾವ ಆವೃತ್ತಿ, ಯಾವ ಮಟ್ಟ, ಯಾವ ದಿನ ಪರೀಕ್ಷಿಸಿದ್ದು, ಇನ್ನೂ ಏನು ಸರಿಯಾಗಿಲ್ಲ, ತೊಂದರೆಯಾದವರು ಯಾರನ್ನು ಸಂಪರ್ಕಿಸಬೇಕು. ಆಗದ್ದನ್ನು ಆಗಿದೆ ಎಂದು ಬರೆದರೆ ಆ ಹೇಳಿಕೆಯೇ ನಿಮಗೆ ತಿರುಗುಬಾಣವಾದೀತು. ಅಂಗವಿಕಲ ಬಳಕೆದಾರರಿಗೆ ಸಂಭಾವನೆ ಕೊಟ್ಟು ಅದೇ ಮೂರ್ನಾಲ್ಕು ಕೆಲಸಗಳನ್ನು ಮಾಡಿಸಿ ನೋಡಿ. ಬೇರೆ ಕಂಪನಿಯ ಪಾವತಿ ಪುಟ ಕೊಳ್ಳುವಾಗ ಎಎ ಮಟ್ಟದ ಷರತ್ತನ್ನು ಒಪ್ಪಂದದಲ್ಲೇ ಬರೆಸಿ. ತಾಣ ಬದಲಾದಾಗಲೆಲ್ಲ ಕೀಬೋರ್ಡ್ ಪರೀಕ್ಷೆ ಮತ್ತೆ ನಡೆಯಲಿ, ಬಿಲ್ಲಿನ ಪಿಡಿಎಫ್‌ವರೆಗೂ. ಸ್ಕ್ಯಾನ್ ಮಾಡಿಟ್ಟ ಬಿಲ್ ಸ್ಕ್ರೀನ್ ರೀಡರ್‌ಗೆ ಖಾಲಿ ಹಾಳೆ.