ಬ್ಲ್ಯಾಕ್‌ಪೂಲ್‌ನ ಮೇಣದ ಬೊಂಬೆ ನೋಡೋಕೆ ಹೋಗೋರಿಗೆ

ಮ್ಯಾಂಚೆಸ್ಟರ್ ಸುತ್ತಮುತ್ತ ಇರೋರು ಮಕ್ಕಳನ್ನ ಕರ್ಕೊಂಡು ಇಂಗ್ಲೆಂಡಿನ ಕಡಲತೀರದ ಊರಾದ ಬ್ಲ್ಯಾಕ್‌ಪೂಲ್‌ನ ಮದಾಮ್ ಟುಸಾಡ್ಸ್ ಮೇಣದ ಬೊಂಬೆ ಮ್ಯೂಸಿಯಂಗೆ ಹೋಗೋದಾದ್ರೆ ಟಿಕೆಟ್ ಆನ್‌ಲೈನ್‌ನಲ್ಲೇ ತಗೊಳ್ಳಿ. ಬ್ಲ್ಯಾಕ್‌ಪೂಲ್ ಟವರ್, ಸೀ ಲೈಫ್ ಅಕ್ವೇರಿಯಂ ಕೂಡ ನೋಡೋ ಆಸೆ ಇದ್ರೆ ಕಾಂಬೋ ಟಿಕೆಟ್ ಇದೆಯಾ ಅಂತ ಮೊದಲೇ ನೋಡ್ಕೊಳ್ಳಿ. ಈ ಮ್ಯೂಸಿಯಂ ಲಂಡನ್ನಿನ ಮದಾಮ್ ಟುಸಾಡ್ಸ್‌ನಷ್ಟು ದೊಡ್ಡದಲ್ಲ, ಒಂದೂವರೆ ಗಂಟೆ ಧಾರಾಳ. ಬ್ರಿಟಿಷ್ ಟೀವಿ ಮುಖಗಳೇ ಜಾಸ್ತಿ. ಊರಿಂದ ಬಂದ ಅಪ್ಪ-ಅಮ್ಮನಿಗೆ ಅರ್ಧಕ್ಕರ್ಧ ಜನ ಯಾರಂತಲೇ ಗೊತ್ತಾಗಲ್ಲ!

ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ. ಮಳೆ ಹನಿ ಬಿದ್ರೆ ಸಾಕು, ಬೀಚಲ್ಲಿದ್ದೋರೆಲ್ಲ ಒಳಗೆ ನುಗ್ತಾರೆ, ಆಮೇಲೆ ಫೋಟೋಗೆ ಜಾಗ ಸಿಗಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಾದ್ರೆ ಕತ್ತಲಾಗೋವರೆಗೂ ಉಳ್ಕೊಳ್ಳಿ, ಪ್ರೊಮೆನೇಡ್ (ಕಡಲಂಚಿನ ರಸ್ತೆ) ಉದ್ದಕ್ಕೂ ದೀಪಾಲಂಕಾರ ಇರುತ್ತೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಗಾಳಿ ಮಾತ್ರ ಜೋರು, ಜಾಕೆಟ್ ಬೇಕೇ ಬೇಕು.