ಮೌಂಟಿಂಗ್ ಬಿಚ್ಚುವ ಮೊದಲು ಎಂಜಿನ್‌ಗೆ ಎರಡು ಆಸರೆ

ಎಂಜಿನ್ ಅಡ್ಡಲಾಗಿ ಕೂತಿರುವ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಇರುವ ಕಡೆ ಒಂದು, ಗೇರ್‌ಬಾಕ್ಸ್ ಕಡೆ ಒಂದು ಮೌಂಟಿಂಗ್, ಅಂದರೆ ಎಂಜಿನನ್ನು ಕಾರಿನ ಬಾಡಿಯೊಂದಿಗೆ ಹಿಡಿದಿಡುವ ರಬ್ಬರಿನ ಆಸರೆ, ಇರುತ್ತದೆ. ಭಾರವೆಲ್ಲ ಹೆಚ್ಚುಕಡಿಮೆ ಇವೆರಡರ ಮೇಲೆ. ಕೆಳಗಿನ ಟಾರ್ಕ್ ರಾಡ್ ಎಂಜಿನ್ ಹಿಂದೆ ಮುಂದೆ ಹೊರಳದಂತೆ ಹಿಡಿಯುತ್ತದೆ. ಮೇಲಿನ ಎರಡರಲ್ಲಿ ಯಾವುದನ್ನು ಮುಟ್ಟಿದರೂ ಆ ಭಾರವನ್ನು ಮೊದಲು ಬೇರೆ ಕಡೆಗೆ ಹೊರಿಸಬೇಕು. ಒಮ್ಮೆಗೆ ಒಂದೇ ಮೌಂಟಿಂಗ್ ಬಿಚ್ಚುತ್ತೇನೆ.

ಹೊಸದು ಕೈಯಲ್ಲಿಲ್ಲದೆ ಹಳೆಯದಕ್ಕೆ ಪಾನಾ ಹಾಕಬೇಡಿ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಕೊಂಡರೂ ಚಾಸಿಸ್ ನಂಬರ್ ಕೊಟ್ಟೇ ಕೊಳ್ಳಿ. ಒಂದೇ ಮಾಡೆಲ್ಲಿನ ಪೆಟ್ರೋಲ್ ಮತ್ತು ಡೀಸೆಲ್ ಗಾಡಿಗೆ ಮೌಂಟಿಂಗ್ ಬೇರೆ ಇರುವುದುಂಟು. ಎಂಜಿನ್ನಿನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನಿಂದ ಆಯಿಲ್ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಆಯಿಲ್ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಹೊಸದೂ ಅದೇ ಗತಿಗೆ ಬರುತ್ತದೆ.

ನೆಲ ಮುಖ್ಯ. ನಮ್ಮ ಕಡೆಯ ಎರೆ ಮಣ್ಣಿನ ಶೆಡ್ಡಿನಲ್ಲಿ ಜ್ಯಾಕಿನ ಚಕ್ರ ನಿಧಾನವಾಗಿ ಹೂತುಹೋಗುತ್ತದೆ. ದಪ್ಪ ಕಬ್ಬಿಣದ ತಗಡು ಹಾಸಿ. ಕಡಪ ಕಲ್ಲು ಬೇಡ, ಪಟ್ಟನೆ ಸೀಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಎರಡೂ ಚಕ್ರಕ್ಕೆ ಅಡೆ ಕೊಡಿ. ಕಾರಿನಡಿ ನುಗ್ಗುವ ಕೆಲಸವಿದ್ದರೆ ಕಾರಿನ ಬಾಡಿಯ ಅಡಿಗೆ ಸ್ಟ್ಯಾಂಡ್ ಬೇಕೇ ಬೇಕು. ಎಂಜಿನ್ ಪೂರ್ತಿ ಆರಿರಲಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿರಲಿ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಿರುಗುತ್ತದೆ.

ಜ್ಯಾಕಿನ ತಲೆಯನ್ನು ನೇರವಾಗಿ ಚೇಂಬರಿಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಕೊಡಬಾರದು. ತಗಡಿನ ಚೇಂಬರ್ ಒಳಕ್ಕೆ ತಗ್ಗಿದರೆ ಆಯಿಲ್ ಎಳೆಯುವ ಜಾಲರಿಗೂ ತಳಕ್ಕೂ ನಡುವಿನ ಜಾಗ ಮುಚ್ಚಿ, ಆಯಿಲ್ ಪ್ರೆಶರ್ ಬೀಳುತ್ತದೆ. ಅಲ್ಯೂಮಿನಿಯಂ ಆದರೆ ಬಿರುಕೇ. ಎರಡು ಇಂಚು ದಪ್ಪ, ಒಂದಡಿ ಉದ್ದದ ಗಟ್ಟಿ ಹಲಗೆಯನ್ನು ಚೇಂಬರಿನ ಅಂಚುಗಳಿಗೆ ತಾಗುವಂತೆ, ಡ್ರೈನ್ ಬೋಲ್ಟ್ ತಪ್ಪಿಸಿ ಇಡುತ್ತೇನೆ. ಗೇರ್‌ಬಾಕ್ಸ್ ಕಡೆಯ ಮೌಂಟಿಂಗ್‌ಗೆ ಹಲಗೆ ಗೇರ್‌ಬಾಕ್ಸಿನ ಅಡಿಗೆ.

ಜ್ಯಾಕ್ ಒಂದನ್ನೇ ನಂಬಬಾರದು; ಒಳಗಿನ ಸೀಲ್ ಸವೆದಿದ್ದರೆ ಸದ್ದಿಲ್ಲದೆ ಇಳಿಯುತ್ತದೆ. ಬಾನೆಟ್ ಅಡಿ ಅಡ್ಡಲಾಗಿ ಕೂರುವ ಸಪೋರ್ಟ್ ಬಾರ್ ನನಗೆ ಹೆಚ್ಚು ಇಷ್ಟ. ಅದರ ಕಾಲುಗಳು ಫೆಂಡರ್ ಬೋಲ್ಟ್ ಕೂರುವ ಒಳಗಿನ ಗಟ್ಟಿ ಪಟ್ಟಿಯ ಮೇಲೆ ನಿಲ್ಲಬೇಕು, ಫೆಂಡರಿನ ತೆಳು ಅಂಚಿನ ಮೇಲಲ್ಲ. ಸರಪಳಿಯ ಕೊಕ್ಕೆ ಎಂಜಿನ್ ಎತ್ತಲೆಂದೇ ಹೆಡ್ಡಿಗೆ ಕೊಟ್ಟಿರುವ ಕಿವಿಗೆ. ಬಾರ್ ಭಾರ ಹಿಡಿಯಲಿ, ಜ್ಯಾಕ್ ಕೂದಲೆಳೆಯಷ್ಟು ಏರಿಳಿಸಲು ಇರಲಿ. ಬಾರ್ ಇಲ್ಲದಿದ್ದರೆ ಚೇಂಬರಿನಡಿ ಜ್ಯಾಕಿನ ಪಕ್ಕಕ್ಕೇ ಮರದ ದಿಮ್ಮಿಗಳನ್ನು ಬಿಗಿಯಾಗಿ ಪೇರಿಸಿ.

ಎಷ್ಟು ಎತ್ತಬೇಕೆಂಬುದನ್ನು ಮೌಂಟಿಂಗ್ ಬೋಲ್ಟೇ ಹೇಳುತ್ತದೆ. ಪಾನಾದಿಂದ ಸಡಿಲಿಸಿದ ಮೇಲೆ ಅದು ಬೆರಳಲ್ಲಿ ಸರಾಗವಾಗಿ ತಿರುಗಿದರೆ ಭಾರ ಕಳಚಿದೆ ಎಂದರ್ಥ. ಬಿಗಿಯಾಗಿದ್ದರೆ ಸುತ್ತಿಗೆ ಹಿಡಿಯದೆ ಜ್ಯಾಕನ್ನು ತುಸು ಏರಿಸಿ ಅಥವಾ ಇಳಿಸಿ ನೋಡಿ. ಅಲ್ಯೂಮಿನಿಯಂ ಒಳಗಿನ ಥ್ರೆಡ್ ಹೋದರೆ ಖರ್ಚು ಮೌಂಟಿಂಗ್‌ಗಿಂತ ದೊಡ್ಡದು. ಅತಿಯಾಗಿ ಎತ್ತಿದರೆ ರೇಡಿಯೇಟರ್ ಹೋಸ್, ಎಸಿ ಪೈಪ್, ಸೈಲೆನ್ಸರಿನ ಜಾಲರಿ ಕೊಳವೆ ಜಗ್ಗುತ್ತವೆ. ಬೋಲ್ಟ್ ಕೆಳಗೆ ಬಿದ್ದರೆ ಎಂಜಿನ್ ಮತ್ತು ಚಾಸಿಸ್ ನಡುವೆ ಕೈ ತೂರಿಸದೆ ಮ್ಯಾಗ್ನೆಟ್ ಕಡ್ಡಿಯಿಂದ ತೆಗೆಯಿರಿ.

ಹೊಸದನ್ನು ಕೂರಿಸಿದಾಗ ಎಲ್ಲ ಬೋಲ್ಟನ್ನೂ ಮೂರ್ನಾಲ್ಕು ಸುತ್ತು ಕೈಯಲ್ಲೇ ಹಿಡಿಸಬೇಕು. ಆಮೇಲೆ ಬಾರ್, ಜ್ಯಾಕ್ ಎರಡನ್ನೂ ಮೆಲ್ಲಗೆ ಸಡಿಲಿಸಿ ಭಾರ ಮೌಂಟಿಂಗ್ ಮೇಲೆ ಬಿಡಿ, ಎಂಜಿನನ್ನು ಕೈಯಿಂದ ಒಮ್ಮೆ ಅಲುಗಿಸಿ, ಮ್ಯಾನ್ಯುಯಲ್ ಹೇಳಿದ ಅಳತೆಗೆ ಟಾರ್ಕ್ ವ್ರೆಂಚಿನಲ್ಲಿ ಬಿಗಿಯಿರಿ. ಎತ್ತಿ ಹಿಡಿದಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು, ಮೊದಲ ದಿನದಿಂದಲೇ ಸ್ಟೀರಿಂಗ್ ನಡುಗುತ್ತದೆ. ಬ್ಯಾಟರಿ ಜೋಡಿಸಿ, ಗಾಡಿಯ ಮುಂದೆಯೂ ಹಿಂದೆಯೂ ಯಾರೂ ಇಲ್ಲದಂತೆ ನೋಡಿಕೊಂಡು, ಬ್ರೇಕ್ ಒತ್ತಿಟ್ಟೇ ಒಂದನೇ ಗೇರಿನಲ್ಲೂ ರಿವರ್ಸ್‌ನಲ್ಲೂ ಕ್ಲಚ್ ಅರ್ಧ ಬಿಟ್ಟು ನೋಡಿ. ಟಪ್ ಎಂಬ ಸದ್ದು ಕೇಳಿದರೆ ಟಾರ್ಕ್ ರಾಡಿನ ಬುಶ್ ಪರೀಕ್ಷಿಸಿ.